ಎಡ ಹಿಂಗಾಲು ಇಲ್ಲ

ಮೊದಲು ಅಳತೆ ಬರೆಯಿರಿ ಎಂದರು ವಾರಿಜಾ ಮೇಡಂ.
ಹಣೆಯಿಂದ ಬಾಲದ ತುದಿಗೆ ಇಪ್ಪತ್ತೊಂದೂವರೆ ಮಿಲಿಮೀಟರು.
ಮೀಸೆ ಅದರ ಎರಡೂವರೆ ಪಾಲು,
ಹಾಳೆಯೊಳಗೆ ಹಿಡಿಯಲಿಲ್ಲ,
ಬಳಸಿ ತಂದು ಕೆಳಗೆ ಬಿಟ್ಟೆ,
ಬಸ್ಸಿನ ಹಣೆಗೆ ಊರಿನ ಹೆಸರು ಉದ್ದವಾದಾಗ
ಕೊನೆಯ ಅಕ್ಷರವನ್ನು ಬಗ್ಗಿಸಿ ಕೂರಿಸುತ್ತಿದ್ದ ಹಾಗೆ.

ನಾನು ಬೋರ್ಡು ಬರೆಯುವವ. ಬರೆಯುತ್ತಿದ್ದವ.
ಸ್ಟೇಟ್‌ಬ್ಯಾಂಕ್, ಕಂಕನಾಡಿ, ತಲಪಾಡಿ, ಮುಡಿಪು,
ಹಳದಿ ಮೇಲೆ ಕೆಂಪು, ನೆರಳಿಗೆ ಕಪ್ಪು.
ಸ್ಟಿಕ್ಕರು ಬಂದ ವರ್ಷ ಕುಂಚ ತೊಳೆದಿಟ್ಟೆ.
ಕೈ ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ
ಈಗ ಕಾಲೇಜಿನ ಮೂರನೇ ಮಹಡಿ, ಸ್ಪಿರಿಟಿನ ವಾಸನೆ,
ಮಸೂರದ ಕೆಳಗೆ ಹೆಸರಿಲ್ಲದ ಪೊದೆಮಿಡತೆ, ಮೇಲೆ ನಾನು.

ಕಣ್ಣು: ಉಬ್ಬು, ಸೊನ್ನೆಯಷ್ಟು ಗುಂಡು.
ಬೆನ್ನಿನ ಫಲಕ: ಜೀನಿನಂತೆ ಎರಡೂ ಪಕ್ಕಕ್ಕೆ ಇಳಿದಿದೆ,
ಅಂಚಿಗೊಂದು ತಿಳಿ ಗೆರೆ. ಬೆಲ್ಲದ ಬಣ್ಣ ಎಂದು ಬರೆದೆ,
ಮೇಡಂ ಹೊಡೆದುಹಾಕಿ ಹಳದಿಗಂದು ಮಾಡಿದರು.
ಬಣ್ಣದ ಹೆಸರನ್ನು ನನಗೆ ಹೇಳಿಕೊಡಬೇಕೇ?
ಹೇಳಲಿ. ಬೆಲ್ಲದಲ್ಲಿ ಹತ್ತು ಬಗೆ ಉಂಟು, ಅದೂ ನಿಜ.

ಎಡ ರೆಕ್ಕೆ ಮೇಲೆ, ಬಲ ರೆಕ್ಕೆ ಕೆಳಗೆ.
ಎಡದ ಅಡಿಯಲ್ಲಿ ಒಂದು ನರ, ನರದುದ್ದಕ್ಕೂ ಹಲ್ಲು.
ಎಣಿಸಿದೆ. ಎಂಬತ್ತಾರು.
ಮತ್ತೆ ಎಣಿಸಿದೆ. ಎಂಬತ್ತೇಳು.
ಊಟ ಮಾಡಿ ಬಂದು ಎಣಿಸಿದೆ. ಎಂಬತ್ತಾರು.
ಬಲ ರೆಕ್ಕೆಯ ಅಂಚು ಅದರ ಮೇಲೆ ಹಾಯ್ದರೆ ದನಿ,
ದನಿಯನ್ನು ದೊಡ್ಡದು ಮಾಡಲು ಪಕ್ಕದಲ್ಲೇ ಕನ್ನಡಿ,
ಹಾಗಂತ ಕರೆಯುತ್ತಾರೆ, ಈರುಳ್ಳಿ ಪೊರೆಗಿಂತ ತೆಳು.
ಸೂಜಿಯಲ್ಲಿ ರೆಕ್ಕೆಯನ್ನು ಒಂದಿಷ್ಟು ಸರಿಸಿದೆ.
ಏನೂ ಕೇಳಲಿಲ್ಲ.
ಕೇಳೀತು ಎಂದುಕೊಂಡದ್ದೂ ಅಲ್ಲ.

ಕಿವಿ ಮುಂಗಾಲಿನಲ್ಲಿ, ಮೊಣಕಾಲಿನ ತುಸು ಕೆಳಗೆ,
ಎರಡು ಸೀಳು, ರವೆಯ ಕಾಳಿನಷ್ಟು.
ಹಿಡಿದುಕೊಟ್ಟ ಭಾವ ಐತಪ್ಪನಿಗೆ ತೋರಿಸಿದರೆ
ಪ್ಯಾಂಟು ಮಡಚಿ ತನ್ನದೇ ಮೊಣಕಾಲು ನೋಡಿಕೊಂಡ.
ಮುಡಿಪಿನಾಚೆಯ ಪದವಿನಲ್ಲಿ ಹತ್ತೊಂಬತ್ತು ವರ್ಷ
ಮುರಕಲ್ಲು ಕೊಯ್ಯುವ ಮೆಷಿನು ಹಿಡಿದವನು.
ಸಣ್ಣ ದನಿಗಳು ಅವನಿಗೆ ಸಿಕ್ಕುವುದಿಲ್ಲ,
ಕುಕ್ಕರಿನ ಸೀಟಿ ಇಲ್ಲ, ಮಗಳ ಫೋನು ಇಲ್ಲ.
ಕೇಪಳದ ಪೊದೆಗೆ ಹಾಕಿದ ಬೈರಾಸಿನ ಮೇಲೆ ಕೂತಿತ್ತಂತೆ,
ರೆಕ್ಕೆ ನಡುಗುವುದು ಕಂಡಿತಂತೆ.
ಚಳಿಯಾಗಿರಬೇಕು ಪಾಪ ಎಂದು
ಬುತ್ತಿಯಲ್ಲಿಟ್ಟು ಮುಚ್ಚಿದ.

ಅದು ಹಾಡುತ್ತಿತ್ತು ಮಾರಾಯ ಎಂದೆ.
ಎರಡು ಸಲ ಹೇಳಬೇಕಾಯಿತು, ಎರಡನೆಯದು ಜೋರಾಗಿ.

ಬಾಲದ ಕೊನೆಗೆ ಜೋಡಿ ಕೊಕ್ಕೆ. ಇದೇ ಮುಖ್ಯ ಎಂದರು ಮೇಡಂ,
ಉಳಿದದ್ದೆಲ್ಲ ನೆಂಟರಿಗೂ ಉಂಟು, ಹೆಸರು ಬರುವುದು ಇದರಿಂದ.
ಬುಡ ದಪ್ಪ, ನಡುವೆ ಒಳಕ್ಕೊಂದು ತಿರುವು,
ತುದಿಗೆ ಒಂದೇ ಒಂದು ಕರಿಮುಳ್ಳು.
ನಾಲ್ಕು ಸಲ ಕೆಟ್ಟಿತು.
ಐದನೆಯ ಸಲ ಮಿಡತೆಯನ್ನು ನೋಡುವುದು ಬಿಟ್ಟು
ಅರ್ಕಾವತ್ತು ಬರೆದೆ,
ಕಾರ್ಕಳದ ನಡುವೆ ಬರುವುದು, ಮೂವತ್ತು ವರ್ಷ ಬರೆದದ್ದು.
ಮುಳ್ಳು ಇಟ್ಟೆ. ಸರಿಹೋಯಿತು.
ಎಲ್ಲಿ ಕಲಿತಿರಿ ಎಂದರು.
ಗ್ಯಾರೇಜಿನಲ್ಲಿ ಎಂದೆ.

ಬುತ್ತಿಯ ಮುಚ್ಚಳಕ್ಕೆ ಸಿಕ್ಕಿ ಎಡ ಹಿಂಗಾಲು ಕಳಚಿತ್ತು.
ತಂಗಿ ಪಾತ್ರೆ ತೊಳೆಯುವಾಗ ಅದೂ ಚರಂಡಿಗೆ ಹೋಯಿತು.
ಬಲಗಾಲನ್ನೇ ಮಗುಚಿ ಬರೆದರೆ ಮುಗಿಯಿತಲ್ಲ,
ಬೋರ್ಡಿನಲ್ಲಿ ಎಷ್ಟು ಸಲ ಮಾಡಿಲ್ಲ.
ಇಲ್ಲಿ ಕೂಡದು. ಇಲ್ಲದ್ದಕ್ಕೆ ಚುಕ್ಕಿಗೆರೆ.
ಚುಕ್ಕಿ ಇಡುತ್ತಾ ಬಂದೆ, ತೊಡೆಯ ಉಬ್ಬು, ಮೊಣಕಾಲು,
ಪಾದದ ನಾಲ್ಕು ಗೆಣ್ಣು.
ಇರುವ ಕಾಲಿಗಿಂತ ಹೊತ್ತು ಹಿಡಿಯಿತು.

ಕೆಳಗೆ ಮೇಡಂ ಹೇಳಿದ್ದನ್ನು ನನ್ನ ಕೈಯಲ್ಲೇ ಬರೆದೆ:
ಎಡ ಹಿಂಗಾಲು ಇಲ್ಲ.
ಹೆಣ್ಣು ತಿಳಿದಿಲ್ಲ.
ಹಾಡು ದಾಖಲಾಗಿಲ್ಲ.

ಕೋರೆ ಆ ಪೊದೆಯಿಂದ ಈಗ ಎಂಟು ಕೋಲು ದೂರದಲ್ಲಿದೆ.
ಶನಿವಾರ ರಾತ್ರಿ ಟಾರ್ಚು ಹಿಡಿದು ಹೋಗುತ್ತೇವೆ,
ನೋಡಲಿಕ್ಕೆ ಅವನು, ಕೇಳಲಿಕ್ಕೆ ನಾನು.
ಈ ಸಲ ಅಗಲ ಬಾಯಿಯ ಡಬ್ಬಿ
ಎಂದಿದ್ದಾನೆ ಐತಪ್ಪ.